ಹೊಸ ಸ್ಪೀಕರ್, ಹಳೆಯ ಚಾವಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಯ ಮನೆಗಳಲ್ಲಿ ಯಕ್ಷಗಾನ, ತಾಳಮದ್ದಳೆಗಳ ಕ್ಯಾಸೆಟ್‌ಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದವರು ಈಗಲೂ ಇದ್ದಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಇದು ಆಶ್ಚರ್ಯದ ಮಾತೇನೂ ಅಲ್ಲ. ಅಂಥವರು ಒಂದಲ್ಲ ಒಂದು ದಿನ ಹಳೆಯ ಸೆಟ್ಟಿನ ಜೊತೆ ಬಂದಿದ್ದ ಸ್ಪೀಕರ್‌ಗಳನ್ನು ತೆಗೆದು, ಸಾಕಷ್ಟು ಹಣ ತೆತ್ತು ಒಳ್ಳೆಯ ಜೋಡಿಯೊಂದನ್ನು ತಂದು ಚಾವಡಿಯಲ್ಲಿ ಇರಿಸುತ್ತಾರೆ. ಮೊದಲ ಸಂಜೆಯ ಸಂತೋಷ ಕಳೆಯುತ್ತಿದ್ದಂತೆ ದೂರುಗಳು ಶುರುವಾಗುತ್ತವೆ. ಚೆಂಡೆ ಏರುವಾಗ ಸದ್ದು ಸೀಳುತ್ತದೆ. ಮದ್ದಳೆಯ ಪೆಟ್ಟು ಕೋಣೆಯೊಳಗೆ ಗುಂಯ್‌ಗುಟ್ಟುತ್ತಲೇ ಇರುತ್ತದೆ. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಮಾತು ನಿಲ್ಲಿಸಿದಲ್ಲೆಲ್ಲ ಹಿಂದಿನಿಂದ ಸುಂಯ್ ಎಂಬ ಸಪ್ಪಳ ಕೇಳಿಬರುತ್ತದೆ. ಸ್ಪೀಕರನ್ನು ಅಂಗಡಿಗೆ ಹಿಂದಿರುಗಿಸಲು ಹೊರಡುವ ಮೊದಲು ಒಂದು ವಿಷಯವನ್ನು ಗಮನಿಸಬೇಕು. ಈ ದೂರುಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಆಂಪ್ಲಿಫಯರಿಗೆ ಸೇರಿದ್ದು, ಎರಡನೆಯದು ಕೋಣೆಗೆ, ಮೂರನೆಯದು ಟೇಪಿಗೆ. ಹಳೆಯ ಸ್ಪೀಕರ್‌ಗಳು ತಮ್ಮ ಕೊರತೆಯಿಂದಲೇ ಉಳಿದವುಗಳ ಕೊರತೆಯನ್ನು ಮುಚ್ಚಿಟ್ಟಿದ್ದವು. ಹೊಸವು ಬಂದೊಡನೆ ಆ ಮುಸುಕು ಸರಿದಿದೆ.

ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಜನ ಹೆಚ್ಚಾಗಿ ನೋಡುವುದು ಅದು ಎಷ್ಟು ವ್ಯಾಟ್ ತಾಳಿಕೊಳ್ಳುತ್ತದೆ ಎಂಬುದನ್ನು. ಅದಕ್ಕಿಂತ ಬಹಳ ಮುಖ್ಯವಾದದ್ದು ಸಂವೇದನಶೀಲತೆ ಎಂಬ ಅಂಕಿ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದು. ಪುಟ್ಟ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಬೇಕಾದರೆ ತಯಾರಕರು ಸಾಮಾನ್ಯವಾಗಿ ಈ ಅಂಕಿಯನ್ನೇ ಬಲಿಕೊಡುತ್ತಾರೆ. ಆದ್ದರಿಂದ 92 ಡೆಸಿಬೆಲ್ಲಿನ ಹಳೆಯ ಸ್ಪೀಕರಿನ ಜಾಗಕ್ಕೆ 86 ಡೆಸಿಬೆಲ್ಲಿನ ಹೊಸದು ಬರುವುದು ಅಪರೂಪವಲ್ಲ. 6 ಡೆಸಿಬೆಲ್ ಎಂದರೆ ಅಲ್ಪ ವ್ಯತ್ಯಾಸವೆಂದು ತೋರಬಹುದು, ಆದರೆ ಡೆಸಿಬೆಲ್ ಎಂಬುದು ಗುಣಾಕಾರದ ಅಳತೆ. 3 ಏರಿದರೆ ಶಕ್ತಿ ಇಮ್ಮಡಿ, 6 ಏರಿದರೆ ನಾಲ್ಮಡಿ, 10 ಏರಿದರೆ ಹತ್ತುಮಡಿ.

ನಮ್ಮ ಸಂಗೀತಕ್ಕೆ ಅನ್ವಯಿಸಿ ಸ್ಥೂಲವಾಗಿ ಲೆಕ್ಕ ಹಾಕೋಣ. 86 ಡೆಸಿಬೆಲ್ಲಿನ ಸ್ಪೀಕರುಗಳಿಂದ 3 ಮೀಟರ್ ದೂರದಲ್ಲಿ ಕುಳಿತಾಗ ದೂರದಿಂದಾಗಿ ಸುಮಾರು 10 ಡೆಸಿಬೆಲ್ ಕಡಿಮೆಯಾಗುತ್ತದೆ; ಸ್ಪೀಕರ್‌ಗಳು ಎರಡಿರುವುದರಿಂದ 3, ಗೋಡೆಗಳಿಂದ ಮರಳಿ ಬರುವ ಸದ್ದಿನಿಂದ ಇನ್ನೊಂದು 3 ಸೇರುತ್ತದೆ. ಅಂತೂ ಒಂದೊಂದಕ್ಕೆ 1 ವ್ಯಾಟ್ ಕೊಟ್ಟರೆ ಕುರ್ಚಿಯಲ್ಲಿ 82 ಡೆಸಿಬೆಲ್ ಸಿಗುತ್ತದೆ. ಭಾಗವತರ ಪದವನ್ನು ನೆಮ್ಮದಿಯಾಗಿ ಕೇಳಲು ಸರಾಸರಿ 78 ಸಾಕು, ಅದಕ್ಕೆ ಅರ್ಧ ವ್ಯಾಟೂ ಬೇಕಿಲ್ಲ. ಆದರೆ ಚೆಂಡೆಯ ಪೆಟ್ಟು ಒಂದು ಕ್ಷಣದ ಮಟ್ಟಿಗೆ ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ನೆಗೆದರೆ ಅದು 98 ಡೆಸಿಬೆಲ್, ಅಂದರೆ 1 ವ್ಯಾಟಿನ ಸದ್ದಿಗಿಂತ 16 ಡೆಸಿಬೆಲ್ ಹೆಚ್ಚು. ಆ ಕ್ಷಣಕ್ಕೆ ಬೇಕಾದದ್ದು 40 ವ್ಯಾಟ್. ಹಳೆಯ 92 ಡೆಸಿಬೆಲ್ಲಿನ ಸ್ಪೀಕರಿಗೆ ಇದೇ ಪೆಟ್ಟನ್ನು ನುಡಿಸಲು 10 ವ್ಯಾಟ್ ಸಾಕಾಗುತ್ತಿತ್ತು. ಮನೆಯಲ್ಲಿರುವ ಆಂಪ್ಲಿಫಯರ್ 20 ವ್ಯಾಟಿನದಾದರೆ ಹಳೆಯ ಜೋಡಿಯೊಂದಿಗೆ ಅದು ಹಾಯಾಗಿತ್ತು, ಹೊಸ ಜೋಡಿಯೊಂದಿಗೆ ಚೆಂಡೆಯ ಪ್ರತಿ ಏರಿನಲ್ಲೂ ಸೋಲುತ್ತದೆ. ಸೋತಾಗ ಅಲೆಯ ತುದಿಗಳು ಕತ್ತರಿಸಿ ಚಪ್ಪಟೆಯಾಗುತ್ತವೆ, ಮೂಲದಲ್ಲಿ ಇಲ್ಲದ ತಾರಸ್ವರಗಳು ಹುಟ್ಟುತ್ತವೆ. ಸದ್ದು ಸೀಳುವುದೆಂದರೆ ಇದೇ. ಅದನ್ನು ಲೆಕ್ಕಿಸದೆ ವಾಲ್ಯೂಮ್ ಏರಿಸುತ್ತಲೇ ಹೋದರೆ ಟ್ವೀಟರಿನ, ಅಂದರೆ ತಾರಸ್ವರ ನುಡಿಸುವ ಪುಟ್ಟ ಸ್ಪೀಕರಿನ, ಕೂದಲೆಳೆಯಂಥ ತಂತಿಸುರುಳಿ ಸುಟ್ಟುಹೋಗುವ ಅಪಾಯವಿದೆ. ಹೆಚ್ಚು ಶಕ್ತಿಯ ಆಂಪ್ಲಿಫಯರ್ ಸ್ಪೀಕರನ್ನು ಹಾಳುಮಾಡುತ್ತದೆ ಎಂಬ ಭಯ ಎಲ್ಲೆಡೆ ಇದೆ. ಶಕ್ತಿ ಸಾಲದ ಆಂಪ್ಲಿಫಯರನ್ನು ಮಿತಿ ಮೀರಿ ದುಡಿಸಿದಾಗಲೂ ಅದೇ ಗತಿ ಎಂಬುದು ಅಷ್ಟಾಗಿ ತಿಳಿದಿಲ್ಲ.

ಓಮ್‌ಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ಪ್ರತಿರೋಧದ ಅಳತೆ. 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಗಳಿಗೂ 8 ಓಮ್ ಆಗಿರುವುದಿಲ್ಲ. ಕೆಲವು ಕಡೆ 4ಕ್ಕೂ ಇಳಿಯುತ್ತದೆ. 8 ಓಮಿಗೆ 40 ವ್ಯಾಟ್ ಎಂದರೆ ಸುಮಾರು 18 ವೋಲ್ಟ್, 2.2 ಆಂಪಿಯರ್. ಅದೇ ವೋಲ್ಟೇಜಿನಲ್ಲಿ 4 ಓಮಿಗೆ 4.5 ಆಂಪಿಯರ್ ಒದಗಿಸಬೇಕಾಗುತ್ತದೆ. ಚಿಕ್ಕ ಟ್ರಾನ್ಸ್‌ಫಾರ್ಮರಿನ ಹಗುರ ಆಂಪ್ಲಿಫಯರುಗಳು ಬಿಸಿಯಾಗಿ ಬಳಲುವುದು ಇಲ್ಲಿಯೇ. ತಂತಿಗೆ ದೊಡ್ಡ ಖರ್ಚು ಬೇಡ: 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯನ್ನು 5 ಮೀಟರ್ ದೂರ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಪ್ರತಿರೋಧ 0.07 ಓಮ್ ಮಾತ್ರ. ಅದಕ್ಕಿಂತ ದುಬಾರಿಯಾದದ್ದು ಕಿವಿಗೆ ಏನನ್ನೂ ಹೆಚ್ಚಿಗೆ ತಂದುಕೊಡುವುದಿಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಈಗ ಕೋಣೆಗೆ ಬರೋಣ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ದೊಡ್ಡ ಉಪಕರಣವಿಲ್ಲ, ಇದರಷ್ಟು ಉಪೇಕ್ಷೆಗೆ ಒಳಗಾದದ್ದೂ ಬೇರೆ ಇಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಯಾರಿಗೂ ಅರ್ಥವಾಗದಂತಿದ್ದಾಗ, ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಕ್ಲೆಮೆಂಟ್ ಸಬೈನ್ ಎಂಬ ತರುಣ ಅಧ್ಯಾಪಕರಿಗೆ ಬಂತು. ಅವರು ರಾತ್ರಿಯ ನೀರವದಲ್ಲಿ ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಅಳಿಯಲು ಹಿಡಿಯುವ ಸಮಯವನ್ನು ಅಳೆದರು. ಬೇರೊಂದು ಸಭಾಂಗಣದ ಮೆತ್ತೆಗಳನ್ನು ಹೊತ್ತು ತಂದು ಹಾಸಿ ಮತ್ತೆ ಅಳೆದರು. ಅಲ್ಲಿಂದ ಹುಟ್ಟಿದ ಸೂತ್ರ ಸರಳವಾಗಿದೆ: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು 60 ಡೆಸಿಬೆಲ್ ಇಳಿಯಲು ಬೇಕಾಗುವ ಸೆಕೆಂಡುಗಳು ಸಿಗುತ್ತವೆ. ಇದೇ ಅನುರಣನ ಕಾಲ. ಹೀರಿಕೆಯನ್ನು ಅಳೆಯಲು ಸಬೈನ್ ಆರಿಸಿಕೊಂಡ ಮಾನ ತೆರೆದ ಕಿಟಕಿ. ಅದರ ಮೂಲಕ ಹೋದ ಸದ್ದು ಮರಳಿ ಬರುವುದಿಲ್ಲವಾದ್ದರಿಂದ ಅದನ್ನು ಪೂರ್ಣ ಹೀರಿಕೆ ಎಂದು ಎಣಿಸಿದರು.

ಕಾಸರಗೋಡಿನ ಮನೆಗಳಿಗೆ ಈ ಮಾನ ಹೇಳಿ ಮಾಡಿಸಿದಂತಿದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ತಾರಸಿ ಚಾವಡಿಯನ್ನು ಎಣಿಸಿಕೊಳ್ಳಿ: ಮುರಕಲ್ಲಿನ ಗೋಡೆಗೆ ಗಾರೆ, ಮೇಲೆ ಕಾಂಕ್ರೀಟು, ಕೆಳಗೆ ನುಣುಪಾದ ಕಾವಿ ನೆಲ. ಒಟ್ಟು ಮೇಲ್ಮೈ 94 ಚದರ ಮೀಟರ್. ಇಂಥ ಗಟ್ಟಿ ಮೇಲ್ಮೈ ತನ್ನ ಮೇಲೆ ಬಿದ್ದ ಸದ್ದಿನಲ್ಲಿ ಹೀರುವುದು ಸುಮಾರು 3 ಶೇಕಡ. ಸಾಮಾನುಗಳೇನೂ ಇಲ್ಲದೆ, ಕಿಟಕಿ ಬಾಗಿಲುಗಳನ್ನು ಮುಚ್ಚಿದಾಗ ಇಲ್ಲಿನ ಅನುರಣನ ಕಾಲ 3.4 ಸೆಕೆಂಡಿನಷ್ಟಾಗುತ್ತದೆ. ಎರಡು ಕಿಟಕಿಗಳನ್ನೂ ಒಂದು ಬಾಗಿಲನ್ನೂ ತೆರೆದರೆ, ಅವು ಸೇರಿ 5 ಚದರ ಮೀಟರ್ ಎಂದಿಟ್ಟುಕೊಂಡರೆ, ಅದು 1.2 ಸೆಕೆಂಡಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಸೆಟ್ಟು ಆಟಿಯ ಮಳೆಗೆ ಎಲ್ಲವನ್ನೂ ಮುಚ್ಚಿದೊಡನೆ ಕಿವಿಗೆ ಹಿತವಾಗದಿರಲು ಇದು ಒಂದು ಕಾರಣ. ಇನ್ನೊಂದು ಕಾರಣ ಮಳೆಯೇ: ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಊರಿನಲ್ಲಿ ಹಂಚಿನ ಮಾಡಿನ ಮೇಲಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಬೇಕಾಗುತ್ತದೆ, ಆಂಪ್ಲಿಫಯರಿನ ಮೇಲಿನ ಹೊರೆ ಮತ್ತೆ ಇಮ್ಮಡಿ, ನಾಲ್ಮಡಿಯಾಗುತ್ತದೆ.

ತಾಳಮದ್ದಳೆ ಕೇಳುವವರಿಗೆ ಅನುರಣನ ಇನ್ನೂ ದೊಡ್ಡ ಶತ್ರು. ಮಾತಿನ ಬಲವೆಲ್ಲ ಸ್ವರಾಕ್ಷರಗಳಲ್ಲಿದೆ, ಅರ್ಥದ ಬಹುಪಾಲು ವ್ಯಂಜನಗಳಲ್ಲಿದೆ. ಹಿಂದಿನ ‘ಆ’ಕಾರದ ಬಾಲ ಕೋಣೆಯಲ್ಲಿ ಉಳಿದಿರುವಾಗಲೇ ಮುಂದಿನ ತ, ಪ, ಸ ಬಂದರೆ ಅವು ಆ ಬಾಲದಲ್ಲಿ ಮುಳುಗುತ್ತವೆ. ಅರ್ಥಧಾರಿಯೊಬ್ಬರು ಎದುರಾಳಿಯ ಮಾತನ್ನು ಮುರಿದು ವೇಗವಾಗಿ ವಾದ ಹೂಡುವಾಗ ಪದಗಳು ಕಲಸಿಹೋಗುವುದು ಅವರ ಉಚ್ಚಾರದ ದೋಷದಿಂದಲ್ಲ. ಪುಸ್ತಕದ ಕಪಾಟು, ಹತ್ತಿಯ ಹಾಸಿಗೆ, ದಪ್ಪ ಜಮಖಾನ, ಮೆತ್ತೆಯ ಕುರ್ಚಿಗಳು, ನಾಲ್ಕು ಜನ ಕೇಳುಗರು ಸೇರಿ ಒಟ್ಟು ಹೀರಿಕೆಯನ್ನು 19 ಚದರ ಮೀಟರ್ ತೆರೆದ ಕಿಟಕಿಗೆ ಸಮನಾಗುವಂತೆ ತಂದರೆ ಅನುರಣನ ಕಾಲ ಅರ್ಧ ಸೆಕೆಂಡಿಗೆ ಬರುತ್ತದೆ. ಮನೆಯ ಕೋಣೆಗೆ ಅದು ಹದವಾದ ಅಳತೆ. ಇದಕ್ಕೆ ತಗಲುವ ಹಣ ಹೊಸ ಆಂಪ್ಲಿಫಯರಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

ಆದರೆ ತೆಳುವಾದ ಪರದೆಗಳನ್ನು ಇಳಿಬಿಟ್ಟು ಕೆಲಸ ಮುಗಿಯಿತೆಂದುಕೊಳ್ಳಬಾರದು. 100 ಹರ್ಟ್ಸ್ ಕಂಪನದ ಅಲೆ ಗಾಳಿಯಲ್ಲಿ ಸುಮಾರು 3.5 ಮೀಟರ್ ಉದ್ದವಿರುತ್ತದೆ. ಗೋಡೆಗೆ ಅಂಟಿಕೊಂಡ ಬಟ್ಟೆ ಅದರ ಮೇಲೆ ಯಾವ ಪರಿಣಾಮವನ್ನೂ ಬೀರದು. ಹೀರುವುದು ತಾರಸ್ವರಗಳನ್ನು ಮಾತ್ರ. ಚಕ್ರತಾಳದ ಹೊಳಪು ಹೋಗಿ ಗುಂಯ್‌ಕಾರ ಹಾಗೇ ಉಳಿದರೆ ಕೋಣೆ ಮೊದಲಿಗಿಂತ ಕೆಟ್ಟಂತೆ ಕೇಳುತ್ತದೆ. ಗುಂಯ್‌ಕಾರಕ್ಕೆ ಕಾರಣ ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಅಲೆಗಳು. ಕೋಣೆಯ ಉದ್ದ ಅಲೆಯ ಅರ್ಧ ಉದ್ದಕ್ಕೆ ಸಮನಾದಾಗ ಆ ಸ್ವರ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. 30 ಡಿಗ್ರಿ ಸೆಲ್ಸಿಯಸಿನ ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. ಮೇಲಿನ ಚಾವಡಿಯಲ್ಲಿ ಉದ್ದಕ್ಕೆ 35, ಅಗಲಕ್ಕೆ 44, ಎತ್ತರಕ್ಕೆ 58 ಹರ್ಟ್ಸ್, ಆ ಮೇಲೆ ಅವುಗಳ ಗುಣಕಗಳು. ಹಳೆಯ ಸ್ಪೀಕರ್ 80 ಹರ್ಟ್ಸಿನ ಕೆಳಗೆ ಏನನ್ನೂ ನುಡಿಸದೆ ಇದ್ದುದರಿಂದ ಈ ಮೂರೂ ನಿದ್ರಿಸುತ್ತಿದ್ದವು. 40 ಹರ್ಟ್ಸ್‌ವರೆಗೆ ಇಳಿಯುವ ಹೊಸ ಸ್ಪೀಕರ್ ಅವುಗಳಲ್ಲಿ ಕೊನೆಯ ಎರಡನ್ನಾದರೂ ಎಬ್ಬಿಸಿದೆ.

ಈ ಅಲೆಗಳ ಒತ್ತಡ ಗೋಡೆಯ ಬುಡದಲ್ಲಿ ಅತಿ ಹೆಚ್ಚು, ಮೂಲೆಯಲ್ಲಿ ಇನ್ನೂ ಹೆಚ್ಚು; ಮೊದಲನೆಯ ಅಲೆಯ ಮಟ್ಟಿಗೆ ಕೋಣೆಯ ನಟ್ಟನಡುವೆ ಅದು ಶೂನ್ಯ. ನಮ್ಮಲ್ಲಿ ಸ್ಪೀಕರನ್ನು ಮೂಲೆಗೆ ಒತ್ತರಿಸಿ, ಕುರ್ಚಿಯನ್ನು ಎದುರು ಗೋಡೆಗೆ ಆನಿಸುವುದು ವಾಡಿಕೆ, ನಡೆದಾಡಲು ಜಾಗ ಬೇಕಲ್ಲ. ಆದರೆ ಆ ಎರಡೂ ಜಾಗಗಳು ಗುಂಯ್‌ಕಾರಕ್ಕೆ ಅತ್ಯಂತ ಅನುಕೂಲವಾದವು. ಕೇಳುವ ಹೊತ್ತಿನ ಮಟ್ಟಿಗಾದರೂ ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ತಂದು, ಮೂಲೆಯಿಂದ ಬಿಡಿಸಿ, ಎರಡು ಬದಿಗಳಿಗೆ ಬೇರೆ ಬೇರೆ ಅಂತರ ಬರುವಂತೆ ಇರಿಸಿ, ಕುರ್ಚಿಯನ್ನು ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಎಳೆದುಕೊಂಡು ಕೇಳಿದರೆ ಆಗುವ ಬದಲಾವಣೆ ಯಾವ ಉಪಕರಣದಿಂದಲೂ ಸಾಧ್ಯವಿಲ್ಲದಷ್ಟು ದೊಡ್ಡದು.

ಉಳಿದದ್ದು ಸುಂಯ್ ಎಂಬ ಸಪ್ಪಳ. ಸಪ್ಪಳಗಳು ಕೂಡುವ ಬಗೆಯನ್ನು ತಿಳಿದರೆ ಯಾವುದಕ್ಕೆ ಹಣ ಹಾಕಬಾರದೆಂಬುದು ಸ್ಪಷ್ಟವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಸಪ್ಪಳಗಳು ಶಕ್ತಿಯ ಲೆಕ್ಕದಲ್ಲಿ ಕೂಡುತ್ತವೆ. ಟೇಪಿನ ಸಪ್ಪಳ ಹಾಡಿಗಿಂತ 50 ಡೆಸಿಬೆಲ್ ಕೆಳಗೆ, ಆಂಪ್ಲಿಫಯರಿನದು 90 ಡೆಸಿಬೆಲ್ ಕೆಳಗೆ ಇದ್ದರೆ ಎರಡನೆಯದು ಮೊದಲನೆಯದರ ಹತ್ತು ಸಾವಿರದಲ್ಲಿ ಒಂದು ಪಾಲು. ಆಂಪ್ಲಿಫಯರನ್ನು ಎಷ್ಟೇ ನಿಶ್ಶಬ್ದವಾದದ್ದಕ್ಕೆ ಬದಲಿಸಿದರೂ ಒಟ್ಟು ಸಪ್ಪಳದಲ್ಲಿ ತಗ್ಗುವುದು ಆ ಒಂದು ಪಾಲು ಮಾತ್ರ. ಹೊಸ ಟ್ವೀಟರ್ ತೋರಿಸುತ್ತಿರುವುದು ಟೇಪಿನಲ್ಲಿ ಮೊದಲಿನಿಂದಲೂ ಇದ್ದದ್ದನ್ನು.

ಅದೇ ಟೇಪಿನಲ್ಲಿ ಹುದುಗಿರುವ ಒಳ್ಳೆಯದನ್ನೂ ಹೊರತರುವ ದಾರಿಯಿದೆ. ಕ್ಯಾಸೆಟ್‌ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಚಲಿಸುತ್ತದೆ, ಹಾಗಾಗಿ 10,000 ಹರ್ಟ್ಸಿನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ 5 ಮೈಕ್ರೋಮೀಟರಿಗಿಂತಲೂ ಕಡಿಮೆ. ಟೇಪನ್ನು ಓದುವ ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು, 1.5 ಮಿಲಿಮೀಟರ್ ಅಗಲದ ಮೋನೊ ಪಟ್ಟಿಯಲ್ಲಿ ಅದು ಒಂದು ಡಿಗ್ರಿಯ ಐದನೇ ಒಂದು ಭಾಗ ವಾಲಿದರೂ ಪಟ್ಟಿಯ ಮೇಲಂಚು ಅಲೆಯ ಏರನ್ನು ಓದುವಾಗ ನಡುಭಾಗ ಇಳಿತವನ್ನು ಓದಿ, ಆ ಸ್ವರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮನೆಮನೆಯ ಟೇಪ್ ರೆಕಾರ್ಡರುಗಳಲ್ಲಿ ಹಿಡಿದ ಕೂಟಗಳ ಧ್ವನಿಮುದ್ರಣಗಳು ಒಂದೊಂದೂ ಒಂದೊಂದು ಓರೆಯಲ್ಲಿವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗು ಇರುವ ಪುಟ್ಟ ತಿರುಪೊಂದಿದೆ. ಮೊದಲಿದ್ದ ಸ್ಥಾನವನ್ನು ಗುರುತು ಮಾಡಿಕೊಂಡು, ಅಯಸ್ಕಾಂತತೆಯಿಲ್ಲದ ಸ್ಕ್ರೂಡ್ರೈವರಿನಿಂದ ಅದನ್ನು ಗಡಿಯಾರದ ಮುಳ್ಳಿನ ಐದು ನಿಮಿಷದಷ್ಟು ಅತ್ತಿತ್ತ ತಿರುಗಿಸುತ್ತ ಕೇಳಿದರೆ, ಒಂದು ಬಿಂದುವಿನಲ್ಲಿ ಚಕ್ರತಾಳದ ಅಂಚು ಥಟ್ಟನೆ ಹೊಳೆಯುತ್ತದೆ, ಅರ್ಥಧಾರಿಯ ಸಕಾರ ಚಕಾರಗಳು ಬಿಡಿಬಿಡಿಯಾಗುತ್ತವೆ. ಹಳೆಯ ಸ್ಪೀಕರಿನಲ್ಲಿ ಈ ಬಿಂದುವನ್ನು ಗುರುತಿಸುವುದೇ ಕಷ್ಟ. ಹೊಸದರಲ್ಲಿ ಮಕ್ಕಳೂ ಗುರುತಿಸಬಲ್ಲರು. ಆ ಟೇಪುಗಳನ್ನು ಕಂಪ್ಯೂಟರಿಗೆ ವರ್ಗಾಯಿಸುವ ಯೋಚನೆ ಇದ್ದರೆ ಈ ಕೆಲಸವನ್ನು ಪ್ರತಿ ಟೇಪಿಗೂ ಮಾಡಿಯೇ ವರ್ಗಾಯಿಸಬೇಕು, ಏಕೆಂದರೆ ಹಾಗೆ ಕಳೆದ ತಾರಸ್ವರವನ್ನು ಆ ಮೇಲೆ ಯಾವ ತಂತ್ರಾಂಶವೂ ಮರಳಿ ತರಲಾರದು.

ಕೊಠಡಿಯನ್ನು ಹದಗೊಳಿಸಿ, ಸ್ಪೀಕರ್‌ಗಳನ್ನು ಸರಿಯಾದ ಜಾಗದಲ್ಲಿ ಇರಿಸಿ, ಹೆಡ್ಡನ್ನು ತಿದ್ದಿದ ಬಳಿಕವೂ ಚೆಂಡೆ ಸೀಳಿದರೆ ಆಗ ಆಂಪ್ಲಿಫಯರ್ ಬದಲಿಸುವ ಯೋಚನೆ ಮಾಡಬಹುದು. ಅಂಗಡಿಯಿಂದ ಎರವಲು ತಂದು ಹಳೆಯದರೊಂದಿಗೆ ಹೋಲಿಸುವಾಗ ಎರಡರ ಸದ್ದೂ ಸಮನಾಗಿರಲೇಬೇಕು, ಏಕೆಂದರೆ ಮನುಷ್ಯನ ಕಿವಿಯ ಸ್ವಭಾವ ಮೆಲುವಾದ ಸದ್ದಿನಲ್ಲಿ ಮಂದ್ರವನ್ನು ಕಡಿಮೆ ಗ್ರಹಿಸುವುದು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಹೀಗಾಗಿ ಒಂದೇ ಡೆಸಿಬೆಲ್ ಜೋರಾಗಿರುವ ಉಪಕರಣವೂ ಹೆಚ್ಚು ತುಂಬಿದಂತೆ, ಹೆಚ್ಚು ಜೀವಂತವಾದಂತೆ ತೋರುತ್ತದೆ. 100 ಹರ್ಟ್ಸಿನ ಸ್ಥಿರ ಸ್ವರವೊಂದನ್ನು ನುಡಿಸಿ, ಸ್ಪೀಕರಿನ ತುದಿಗಳಲ್ಲಿ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ, ಎರಡು ಆಂಪ್ಲಿಫಯರುಗಳೂ ಶೇಕಡ 2ರ ಒಳಗೆ ಒಂದೇ ಅಂಕಿ ತೋರುವಂತೆ ವಾಲ್ಯೂಮ್ ಹೊಂದಿಸಿದರೆ ವ್ಯತ್ಯಾಸ 0.2 ಡೆಸಿಬೆಲ್ಲಿನೊಳಗೆ ನಿಲ್ಲುತ್ತದೆ. ಆ ಬಳಿಕ ಮನೆಯವರೊಬ್ಬರು ತಂತಿ ಬದಲಿಸುತ್ತಿರಲಿ, ಯಾವುದು ನುಡಿಯುತ್ತಿದೆಯೆಂದು ಕೇಳುಗರಿಗೆ ತಿಳಿಸದಿರಲಿ, ಹಾಕುವುದು ಚೆಂಡೆಯ ಏರು ಇರುವ ಒಂದೇ ಪದವಾಗಿರಲಿ.