ಕಂದಕದ ಮಣ್ಣು ಹೇಳುವ ಲೆಕ್ಕ

ಚಿತ್ರದುರ್ಗದ ಕೋಟೆಗೆ ಬಂದವರು ಓಬವ್ವನ ಕಿಂಡಿ ಎಲ್ಲಿ ಅಂತ ಕೇಳಿಕೊಂಡು ಸೀದಾ ಮೇಲೆ ಹತ್ತುತ್ತಾರೆ. ಹೊರಗೋಡೆಯ ಬುಡದಲ್ಲಿರುವ ಕಂದಕವನ್ನು ನಿಂತು ನೋಡುವವರು ಕಡಿಮೆ. ನನಗಂತೂ ಏಳು ಸುತ್ತಿನ ಕೋಟೆಯ ಜಾಣ್ಮೆ ಶುರುವಾಗುವುದೇ ಅಲ್ಲಿಂದ ಅನ್ನಿಸುತ್ತದೆ.

ಹಳಗನ್ನಡದಲ್ಲಿ ಕಂದಕಕ್ಕೆ ಅಗಳು ಎನ್ನುತ್ತಿದ್ದರು. ಅಗೆಯುವುದರ ಜೊತೆ ನಂಟಿರುವ ಮಾತು ಅದು. ಹೊಲಕ್ಕೆ ಬದು ಹಾಕುವುದನ್ನು ನೋಡಿದ್ದೀರಲ್ವಾ? ತೋಡಿದ ಮಣ್ಣನ್ನು ಪಕ್ಕದಲ್ಲೇ ಏರಿಸುತ್ತಾರೆ. ಒಂದೇ ಬುಟ್ಟಿ ಮಣ್ಣು ಕೆಳಗೆ ಆಳವನ್ನೂ ಮೇಲೆ ಎತ್ತರವನ್ನೂ ಕೊಡುತ್ತದೆ. ಲೆಕ್ಕಕ್ಕೆ ಕಂದಕ 3 ಮೀಟರ್ ಆಳ, ಗೋಡೆ 6 ಮೀಟರ್ ಎತ್ತರ ಅಂದುಕೊಳ್ಳಿ. ಒಳಗೆ ಇಳಿದವನು 9 ಮೀಟರ್ ಹತ್ತಬೇಕು. ಇಳಿಯದೆ ಆಚೆ ದಡದಿಂದಲೇ ಏಣಿ ಇಡೋಣ ಅಂದರೆ, ಕಂದಕ 8 ಮೀಟರ್ ಅಗಲವಿದ್ದರೆ 10 ಮೀಟರ್ ಏಣಿ ಬೇಕು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕವೇ ಇದು. ಅಷ್ಟು ಓರೆಯಾಗಿ ಇಟ್ಟ ಬಿದಿರಿನ ಏಣಿ ನಾಲ್ಕು ಜನ ಹತ್ತಿದರೆ ನಡುವೆ ಬಾಗುತ್ತದೆ.

ಆಗೆಲ್ಲ ಕೋಟೆ ಬಾಗಿಲು ಮುರಿಯಲು ಆನೆ ಬಿಡುತ್ತಿದ್ದರು. ಆನೆ ಎಷ್ಟೇ ಜೋರಾಗಿ ಓಡಿದರೂ ಒಂದಾದರೂ ಕಾಲು ನೆಲದ ಮೇಲಿರುತ್ತದೆ. ಅದಕ್ಕೆ ನೆಗೆಯಲು ಬರುವುದಿಲ್ಲ. ಹಾಗಾಗಿಯೇ ಅರಣ್ಯ ಇಲಾಖೆ ಈಗಲೂ ಕಾಡಂಚಿನಲ್ಲಿ ಸುಮಾರು 3 ಮೀಟರ್ ಆಳದ ಆನೆ ಕಂದಕ ತೋಡಿಸುತ್ತದೆ. ಆದರೆ ಆನೆಗೂ ಬುದ್ಧಿಯಿದೆ. ಕಾಲಿನಿಂದ ಅಂಚಿನ ಮಣ್ಣು ಕೆಡವಿ, ಇಳಿಜಾರು ಮಾಡಿಕೊಂಡು ದಾಟುತ್ತದೆ. ದಾವಣಗೆರೆ ಕಡೆಯ ಕಣದಲ್ಲಿ ಮೆಕ್ಕೆಜೋಳದ ರಾಶಿ ನೋಡಿ. ಮೇಲಿಂದ ಎಷ್ಟು ಸುರಿದರೂ ಕಾಳು ಜಾರಿ ರಾಶಿ ಅಗಲವಾಗುತ್ತದೆಯೇ ಹೊರತು ಕಡಿದಾಗುವುದಿಲ್ಲ. ಸಡಿಲವಾದ ಒಣಮಣ್ಣೂ ಅಷ್ಟೇ, ಸುಮಾರು 35 ಡಿಗ್ರಿಗಿಂತ ಜಾಸ್ತಿ ಓರೆಯಲ್ಲಿ ನಿಲ್ಲದು. ಎಷ್ಟೋ ಕೋಟೆಗಳಲ್ಲಿ ಕಂದಕದ ಬದಿಗೆ ಕಲ್ಲು ಕಟ್ಟಿದ್ದು ಇದಕ್ಕೇ.

ನೀರು ತುಂಬಿಸುವುದು ಈಜು ಬಾರದವರನ್ನು ಹೆದರಿಸಲು ಮಾತ್ರ ಅಲ್ಲ. ಅದಕ್ಕಿಂತ ದೊಡ್ಡ ಭಯ ಸುರಂಗದ್ದು. ಗೋಡೆಯ ಅಡಿಗೆ ಸುರಂಗ ಕೊರೆದು, ಮರದ ಕಂಬ ಕೊಟ್ಟು, ಕೊನೆಗೆ ಕಂಬಕ್ಕೆ ಬೆಂಕಿ ಇಟ್ಟರೆ ಮೇಲಿನ ಗೋಡೆ ಕುಸಿಯುತ್ತದೆ. 1215ರಲ್ಲಿ ಇಂಗ್ಲೆಂಡಿನ ರೋಚೆಸ್ಟರ್ ಕೋಟೆಯಲ್ಲಿ ರಾಜ ಜಾನ್‌ನ ಕಡೆಯವರು 40 ಹಂದಿಗಳ ಕೊಬ್ಬು ಹಾಕಿ ಸುರಂಗಕ್ಕೆ ಬೆಂಕಿ ಇಟ್ಟರು. ದೊಡ್ಡ ಗೋಪುರದ ಒಂದು ಮೂಲೆಯೇ ಉರುಳಿತು. ಕಂದಕದಲ್ಲಿ ನೀರಿದ್ದರೆ ಅದು ಬಸಿದು ಸುರಂಗಕ್ಕೆ ನುಗ್ಗುತ್ತದೆ. ಒದ್ದೆ ಮಣ್ಣು ತೋಡಿದಷ್ಟೂ ಕುಸಿಯುತ್ತದೆ.

ದುರ್ಗದ ಬೆಟ್ಟದ ಮೇಲೆ ಈ ಭಯವಿಲ್ಲ. ಅಲ್ಲಿ ಕಾಲಡಿ ಇರುವುದು ಸುಮಾರು 260 ಕೋಟಿ ವರ್ಷ ಹಳೆಯ ಗ್ರಾನೈಟ್. ಗುದ್ದಲಿಗೆ ಅದು ಜಗ್ಗುವುದಿಲ್ಲ. ಮಳೆ ನೀರನ್ನು ಮೇಲೆಯೇ ಗೋಪಾಲಸ್ವಾಮಿ ಹೊಂಡದಲ್ಲಿ, ಅಕ್ಕ-ತಂಗಿ ಹೊಂಡದಲ್ಲಿ ಹಿಡಿದಿಟ್ಟರು. ಅಲ್ಲಿ ನೀರು ಬೇಕಾಗಿದ್ದು ಕುಡಿಯುವುದಕ್ಕೆ. ಬಂಡೆ ಮುಗಿದು ಮಣ್ಣು ಶುರುವಾಗುವ ತಗ್ಗಿನಲ್ಲಿ ಮಾತ್ರ ಕಂದಕ ತೋಡಿದರು.