ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ

ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಪ್ರತಿ ಜಾಯಿಂಟ್ ದಾಟುವಾಗಲೂ ನನ್ನ ಕಾರಿನಲ್ಲಿ ಎರಡು ಸದ್ದು ಬರುತ್ತಿತ್ತು. ಮೊದಲು ಟೈರಿನ ಧಡ್. ಅದು ಎಲ್ಲ ಗಾಡಿಯಲ್ಲೂ ಇರುವುದೇ. ಅದರ ಬೆನ್ನಿಗೇ ಕಾಲಿನ ಕೆಳಗಿನಿಂದ ಒಂದು ಸಣ್ಣ ಟಕ್. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಬಿಟ್ಟರೆ ನೆಟ್ಟಗಾಗುತ್ತಿತ್ತು. ಹದಿನೈದು ವರ್ಷ ಹಳೆಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಅದು. ಎರಡು ಸಲ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಅಳೆದು ಸರಿಪಡಿಸುವ ಕೆಲಸ, ಮಾಡಿಸಿದೆ. ಎರಡೂ ಸಲ ಪರದೆ ಮೇಲೆ ಎಲ್ಲ ಅಂಕಿಗಳೂ ಹಸಿರು. ರಸ್ತೆಗೆ ಬಂದರೆ ಮತ್ತೆ ಎಡಕ್ಕೇ.

ಕೊನೆಗೆ ವಿಲ್ಸನ್ ಗಾರ್ಡನ್ನಿನ ಹಳೇ ಮೆಕ್ಯಾನಿಕ್ ಒಬ್ಬರು ಚಕ್ರವನ್ನು ಕಾರಿನ ಫ್ರೇಮಿಗೆ ಜೋಡಿಸುವ ಲೋವರ್ ಆರ್ಮ್ ಸಂದಿಗೆ ಕಬ್ಬಿಣದ ಬಾರ್ ಕೊಟ್ಟು ಮೀಟಿ ತೋರಿಸಿದರು. ಆರ್ಮ್ ಅರ್ಧ ಬೆರಳಿನಷ್ಟು ಹಿಂದೆ ಮುಂದೆ ಓಡಾಡಿತು. "ಸೈಲೆಂಟ್ ಬ್ಲಾಕ್ ಹರಿದುಹೋಗಿದೆ ಸರ್" ಅಂದರು. ಆರ್ಮಿನ ಕೀಲಿನಲ್ಲಿ ಕೂರುವ ರಬ್ಬರ್ ಬುಶ್‌ಗೆ ಗ್ಯಾರೇಜಿನವರು ಹೇಳುವ ಹೆಸರು ಅದು. ನನಗೆ ನಂಬಲಾಗಲಿಲ್ಲ. ಆ ಬುಶ್ ಹಾಕಿಸಿ ಇನ್ನೂ ಹತ್ತು ತಿಂಗಳಾಗಿತ್ತು ಅಷ್ಟೆ. ಮೊದಲಿದ್ದ ಬುಶ್ ಹದಿನಾಲ್ಕು ವರ್ಷ ಬಾಳಿತ್ತು. ಹೊಸದು ಹತ್ತೇ ತಿಂಗಳಿಗೆ ಹೋಗಿದ್ದು ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೈಲೆಂಟ್ ಬ್ಲಾಕ್ ಅನ್ನುವುದು 1920ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದ ಒಂದು ಬ್ರ್ಯಾಂಡ್ ಹೆಸರು. ನಮ್ಮ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಈಗಲೂ ಆ ಹೆಸರು ಹೇಳಿದರೆ ಸಾಕು, ಬುಶ್ ಮುಂದೆ ಇಡುತ್ತಾರೆ. ಅದಕ್ಕೂ ಮೊದಲು ಸಸ್ಪೆನ್ಷನ್ನಿನ ಕೀಲುಗಳಲ್ಲಿ ಲೋಹದ ಪಿನ್ನು, ಲೋಹದ ಕೊಳವೆ ಇರುತ್ತಿದ್ದವು. ಆಗಾಗ ಗ್ರೀಸ್ ತುಂಬಬೇಕಿತ್ತು. ಮರೆತರೆ ಲೋಹ ಲೋಹವನ್ನು ತಿನ್ನುತ್ತಿತ್ತು, ಗಾಡಿ ಪೂರ್ತಿ ಕಿರುಗುಡುತ್ತಿತ್ತು. ರಬ್ಬರ್ ಬಂದ ಮೇಲೆ ಸದ್ದು ನಿಂತಿತು, ಗ್ರೀಸೂ ಬೇಡವಾಯಿತು.

ಗ್ರೀಸ್ ಯಾಕೆ ಬೇಡವಾಯಿತು ಅನ್ನುವುದರಲ್ಲೇ ಇಡೀ ವಿಷಯ ಇದೆ. ಬುಶ್ ಅಂದರೆ ಒಂದರೊಳಗೊಂದು ಎರಡು ಕಬ್ಬಿಣದ ಕೊಳವೆ, ಮಧ್ಯದಲ್ಲಿ ರಬ್ಬರ್. ಆ ರಬ್ಬರ್ ಎರಡೂ ಕೊಳವೆಗಳಿಗೆ ಬಿಡದಂತೆ ಅಂಟಿರುತ್ತದೆ. ಒಳಗಿನ ಕೊಳವೆಯನ್ನು ಬೋಲ್ಟ್ ಕಾರಿನ ಫ್ರೇಮಿಗೆ ಬಿಗಿಯಾಗಿ ಹಿಡಿಯುತ್ತದೆ, ಹೊರಗಿನದು ಆರ್ಮಿನಲ್ಲಿ ಕೂತಿರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ಏನೂ ಜಾರುವುದಿಲ್ಲ, ಏನೂ ಉಜ್ಜುವುದಿಲ್ಲ. ರಬ್ಬರ್ ತಿರುಚಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಎರಡು ತುದಿ ಕೈಯಲ್ಲೇ ಇರುತ್ತದೆ, ತಿರುಚುವುದು ನಡುವಿನ ಬಟ್ಟೆ ಅಲ್ವಾ, ಹಾಗೆ. ಬಾಗಿಲಿನ ಕೀಲು ಹೀಗಲ್ಲ, ಅದಕ್ಕೆ ತನ್ನದು ಅಂತ ಒಂದು ಜಾಗ ಇಲ್ಲ, ಬಾಗಿಲನ್ನು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಬುಶ್‌ಗೆ ಒಂದು ಮೂಲಸ್ಥಾನ ಇದೆ. ಎಷ್ಟು ದೂರ ಎಳೆದರೂ ಅಲ್ಲಿಗೇ ವಾಪಸ್ ಬರಲು ನೋಡುತ್ತದೆ.

ರಬ್ಬರಿಗೆ ಈ ಗುಣ ಎಲ್ಲಿಂದ ಬಂತು? ಸುಳ್ಯ, ಪುತ್ತೂರಿನ ಕಡೆ ತೋಟಗಳಲ್ಲಿ ಮರಕ್ಕೆ ಗೀರು ಹಾಕಿ ಇಳಿಸುವ ಹಾಲು ಇದೆಯಲ್ಲ, ಅದರಲ್ಲಿರುವುದು ಬಹಳ ಉದ್ದನೆಯ ಅಣುಸರಪಳಿಗಳು. ನೂಲಿನ ಸಿಕ್ಕಿನ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಹಸಿ ರಬ್ಬರ್ ಬಿಸಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಮುಟ್ಟಾಗುತ್ತದೆ ಎಂದು ಕಂಡುಕೊಂಡರು. ಗಂಧಕ ಸರಪಳಿಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೆ ಸರಪಳಿ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಸಿಕ್ಕಾಗುತ್ತದೆ, ಗಂಟು ಇರುವುದರಿಂದ ಬೇರೆ ಎಲ್ಲಿಗೂ ಜಾರಿ ಹೋಗುವುದಿಲ್ಲ.

ಒಂದು ರಬ್ಬರ್ ಬ್ಯಾಂಡ್ ತಗೊಳ್ಳಿ. ತುಟಿಗೆ ತಾಗಿಸಿಕೊಂಡು ಚಟ್ ಅಂತ ಎಳೆಯಿರಿ, ಬೆಚ್ಚಗಾಗುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಒಮ್ಮೆಲೇ ಸಡಿಲ ಬಿಡಿ, ತಣ್ಣಗಾಗುತ್ತದೆ. 1805ರಲ್ಲೇ ಇಂಗ್ಲೆಂಡಿನ ಜಾನ್ ಗಫ್ ಇದನ್ನು ಗಮನಿಸಿ ಬರೆದಿದ್ದರು. ಗಫ್‌ಗೆ ಕಣ್ಣು ಕಾಣುತ್ತಿರಲಿಲ್ಲ, ತುಟಿಯಿಂದಲೇ ಪತ್ತೆ ಹಚ್ಚಿದ್ದು. ಹೀಗೆ ಎಳೆದು ಬಿಡುವಾಗ ಕೊಟ್ಟ ಶಕ್ತಿಯೆಲ್ಲ ವಾಪಸ್ ಸಿಗುವುದಿಲ್ಲ. ಸರಪಳಿಗಳ ಒಳಜಗ್ಗಾಟದಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ರಸ್ತೆಯ ಕಂಪನ ನಿಮ್ಮ ಬೆನ್ನಿಗೆ ಬರದೆ ಬುಶ್ಶಿನಲ್ಲೇ ಶಾಖವಾಗಿ ಕರಗುವುದು ಹೀಗೆ.

ಇಷ್ಟು ಮೆತ್ತಗಿರುವುದು ಎಂಥ ಭಾರ ಹೊರುತ್ತದೆ ನೋಡಿ. ಕಾರು 1400 ಕೆಜಿ ಇದೆ ಅಂದುಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದಾಗ ರಸ್ತೆ ಟೈರುಗಳನ್ನು ಒಟ್ಟು ಸುಮಾರು 1100 ಕೆಜಿ ತೂಕದಷ್ಟು ಬಲದಿಂದ ತಡೆಯುತ್ತದೆ. ಅದರಲ್ಲಿ ಮುಕ್ಕಾಲು ಭಾಗದ ಹತ್ತಿರ ಮುಂದಿನ ಎರಡು ಚಕ್ರದ್ದೇ. ಅಂದರೆ ಒಂದೊಂದು ಮುಂದಿನ ಚಕ್ರವನ್ನೂ 400 ಕೆಜಿಯಷ್ಟು ಬಲ ಹಿಂದಕ್ಕೆ ತಳ್ಳುತ್ತದೆ. ಅದನ್ನು ತಡೆದು ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಷ್ಟಿಯೊಳಗೆ ಹಿಡಿಸುವ ಈ ರಬ್ಬರಿನದು. ಅದು ಹರಿದಿದ್ದರೆ ಆರ್ಮ್ ಹಿಂದಕ್ಕೆ ಸರಿಯುತ್ತದೆ, ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಎಂಬ ಸರಳು ಮಾತ್ರ ಇದ್ದಲ್ಲೇ ಹಿಡಿದಿರುತ್ತದೆ, ಹಾಗಾಗಿ ಚಕ್ರ ತಾನಾಗಿಯೇ ತುಸು ತಿರುಗುತ್ತದೆ. ನನ್ನ ಕಾರಿನಲ್ಲಿ ಒಂದೇ ಬದಿಯ ಬುಶ್ ಪೂರ್ತಿ ಹರಿದಿತ್ತು, ಅದಕ್ಕೇ ಒಂದೇ ಬದಿಗೆ ಎಳೆತ. ಅಲೈನ್‌ಮೆಂಟ್ ಮೆಷಿನ್ ಅಳೆಯುವುದು ನಿಂತ ಕಾರನ್ನು. ಅಲ್ಲಿ ಬ್ರೇಕಿನ ಬಲ ಎಲ್ಲಿದೆ? ಹಸಿರು ಬಂದದ್ದರಲ್ಲಿ ಮೆಷಿನ್ನಿನ ತಪ್ಪೇನೂ ಇಲ್ಲ. ಚಕ್ರ ಅರ್ಧ ಡಿಗ್ರಿ ಓರೆಯಾಗಿ ಓಡಿದರೂ ಪ್ರತಿ ಕಿಲೋಮೀಟರಿಗೆ ಟೈರು ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಟೈರಿನ ಒಂದೇ ಅಂಚು ಸವೆದಿದ್ದರೆ ಹೊಸ ಟೈರ್ ತರುವ ಮೊದಲು ಬುಶ್ ನೋಡಿಸಿ.

ಹಾಗಂತ ಬುಶ್ ಅಲುಗಲೇಬಾರದು ಅಂತಲ್ಲ. ಎಷ್ಟು, ಯಾವ ಕಡೆಗೆ ಅಲುಗಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. 1977ರಲ್ಲಿ ಬಂದ ಪೋರ್ಷೆ 928 ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರಗಳು ಹಿಂದಕ್ಕೆ ಎಳೆಯಲ್ಪಟ್ಟು, ರಬ್ಬರ್ ಬಾಗಿ, ಚಕ್ರದ ಮೂತಿ ಹೊರಕ್ಕೆ ತಿರುಗುವುದು ಆ ಕಾಲದ ಕಾರುಗಳ ದೊಡ್ಡ ತೊಂದರೆ. ಕಾರು ಗಿರ್ರನೆ ಸುತ್ತಿಬಿಡುತ್ತಿತ್ತು. ಪೋರ್ಷೆಯ ಇಂಜಿನಿಯರುಗಳು ರಬ್ಬರನ್ನು ಗಟ್ಟಿ ಮಾಡುವುದೊಂದನ್ನೇ ನೆಚ್ಚಲಿಲ್ಲ. ಆರ್ಮಿನ ಮುಂದಿನ ಕೀಲಿಗೆ ಒಂದು ಗಿಡ್ಡ ಕೊಂಡಿ ಕೊಟ್ಟು, ಅದೇ ಎಳೆತಕ್ಕೆ ಚಕ್ರ ಒಳಕ್ಕೆ ತಿರುಗುವಂತೆ ಮಾಡಿದರು. ಕಾರು ತಾನೇ ಸಂಭಾಳಿಸಿಕೊಂಡಿತು. ಮರುವರ್ಷ ಯುರೋಪಿನ ವರ್ಷದ ಕಾರು ಪ್ರಶಸ್ತಿ ಆ ಕಾರಿಗೇ ಬಂತು.

ಅನೇಕ ಬುಶ್‌ಗಳ ರಬ್ಬರಿನಲ್ಲಿ ಹುರುಳಿಬೀಜದ ಆಕಾರದ ಎರಡು ತೂತು ಕಾಣುತ್ತವೆ. ಅದು ಸೀಳಲ್ಲ. ಆ ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿಯಾಗಿ ಇರಲೆಂದು ಬೇಕೆಂದೇ ಬಿಟ್ಟದ್ದು. ಕೂರಿಸುವಾಗ ಗುರುತು ನೋಡದೆ ಅಡ್ಡ ಕೂರಿಸಿದರೆ ಇಂಜಿನಿಯರ್ ಹಾಕಿದ ಲೆಕ್ಕವೆಲ್ಲ ತಲೆಕೆಳಗು.

ಸರಿ, ಹತ್ತು ತಿಂಗಳ ವಿಷಯಕ್ಕೆ ಬರೋಣ. ನಾನು ಮೊದಲು ಬೈದದ್ದು ರಸ್ತೆಯನ್ನು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದಾದ ಇಳಿಜಾರು. ನಮ್ಮ ಬಡಾವಣೆಗಳಲ್ಲಿ ಮನೆ ಮುಂದೆ ರಾತ್ರೋರಾತ್ರಿ ಏಳುವ ಗಿಡ್ಡ ದಿಬ್ಬಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಸ್ಪೋರ್ಟ್ಸ್ ಕಾರಿನ ಟೈರಿನ ಗೋಡೆ ತೆಳು, ಸ್ಪ್ರಿಂಗ್ ಗಟ್ಟಿ, ಹಾಗಾಗಿ ಹೊಡೆತ ಬುಶ್‌ಗೆ ಜಾಸ್ತಿ. ಆಮೇಲೆ ಬೈದದ್ದು ಸರ್ವಿಸ್ ಸ್ಟೇಷನ್ನಿನ ಆಯಿಲ್ ಸ್ಪ್ರೇ ಅಭ್ಯಾಸವನ್ನು. ತೊಳೆದ ಮೇಲೆ ತುಕ್ಕು ಹಿಡಿಯಬಾರದೆಂದು ಗಾಡಿಯ ಅಡಿಗೆ ಡೀಸೆಲ್ ಅಥವಾ ಹಳೇ ಆಯಿಲ್ ಹೊಡೆಯುತ್ತಾರಲ್ಲ, ಅದು ನೈಸರ್ಗಿಕ ರಬ್ಬರಿಗೆ ವಿಷ. ರಬ್ಬರೂ ಡೀಸೆಲ್ಲೂ ಎರಡೂ ಹೈಡ್ರೋಕಾರ್ಬನ್, ಒಂದರೊಳಗೊಂದು ಸಲೀಸಾಗಿ ಸೇರುತ್ತವೆ, ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ದಯವಿಟ್ಟು ಬೇಡ ಅನ್ನಿ. ಮೂರನೆಯದು ಓಜೋನ್. ವಾಹನದ ಹೊಗೆಗೆ ಬಿಸಿಲು ತಾಗಿ ನೆಲಮಟ್ಟದಲ್ಲೇ ಹುಟ್ಟುವ ಈ ಅನಿಲ ಹಿಗ್ಗಿಕೊಂಡಿರುವ ರಬ್ಬರಿನ ಸರಪಳಿಗಳನ್ನು ಕತ್ತರಿಸುತ್ತದೆ. ಹಿಗ್ಗದೆ ಆರಾಮಾಗಿರುವ ರಬ್ಬರಿನಲ್ಲಿ ಅಂಥ ಬಿರುಕು ಏಳುವುದಿಲ್ಲ.

ಈ ಕೊನೆಯ ಮಾತನ್ನು ನೆನಪಿಡಿ. ಆ ಮೆಕ್ಯಾನಿಕ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ಸಲ ಬೋಲ್ಟ್ ಟೈಟ್ ಮಾಡಿದ್ದು ಲಿಫ್ಟ್ ಮೇಲಾ, ನೆಲದ ಮೇಲಾ?" ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಬೇರೊಂದು ಗ್ಯಾರೇಜಿನಲ್ಲಿ, ಲಿಫ್ಟ್ ಮೇಲೆ, ಚಕ್ರಗಳು ನೇತಾಡುತ್ತಿರುವಾಗಲೇ ಬಿಗಿದಿದ್ದರು.

ಲೆಕ್ಕ ಹಾಕಿ ನೋಡಿ. ಆರ್ಮ್ 35 ಸೆಂಟಿಮೀಟರ್ ಉದ್ದ. ಕಾರು ಎತ್ತಿದಾಗ ಚಕ್ರ 8 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಂದರೆ ಆರ್ಮ್ ಸುಮಾರು 13 ಡಿಗ್ರಿ ಓರೆ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ಅದೇ ಬುಶ್ಶಿನ ಮೂಲಸ್ಥಾನವಾಗಿಬಿಡುತ್ತದೆ. ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ 13 ಡಿಗ್ರಿ ತಿರುಚಿಕೊಂಡೇ ಇರುತ್ತದೆ, ಪಾರ್ಕ್ ಮಾಡಿದಾಗಲೂ, ರಾತ್ರಿ ಪೂರ್ತಿ. ಹಂಪ್ ಬಂದಾಗ ಅದರ ಮೇಲೆ ಇನ್ನೊಂದಷ್ಟು. ಮೇಲಿಂದ, ಹಿಗ್ಗಿದ ರಬ್ಬರ್ ಓಜೋನ್‌ಗೆ ಬಾಯಿಗಿಟ್ಟ ತುತ್ತು. ಹದಿನಾಲ್ಕು ವರ್ಷ ಬರಬೇಕಾದದ್ದು ಹತ್ತು ತಿಂಗಳಿಗೆ ಹರಿದದ್ದು ಹೀಗೆ.

ಈ ಸಲ ಕೆಲಸ ಶುರು ಮಾಡುವ ಮೊದಲೇ, ನೆಲದ ಮೇಲೆ ನಿಂತ ಕಾರಿನಲ್ಲಿ ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಂಡೆವು. ಹಳೆಯ ಬುಶ್ಶನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ತೆಗೆದರು. ಸುತ್ತಿಗೆ ಮುಟ್ಟಲಿಲ್ಲ, ಹೊಡೆದರೆ ಹೊರಗಿನ ಕೊಳವೆ ಓರೆಯಾಗಿ ಆರ್ಮಿನ ಗೂಡನ್ನೇ ಕೆರೆಯುತ್ತದೆ. ಹೊಸದಕ್ಕೆ ಸೋಪಿನ ನೀರು ಮಾತ್ರ ಹಚ್ಚಿದರು. ಬೋಲ್ಟುಗಳು ಹೊಸವು. ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಸಡಿಲವಾಗಿ ಬಿಟ್ಟು, ಕಾರನ್ನು ಪಿಟ್ ಮೇಲೆ ನಾಲ್ಕು ಚಕ್ರದಲ್ಲಿ ನಿಲ್ಲಿಸಿ, ಎರಡು ಸಲ ಕುಲುಕಿ, ಮೊದಲಿನ ಅಳತೆ ಬಂತೆಂದು ನೋಡಿ, ಆಮೇಲೆ ಕೆಳಗಿಳಿದು ಇಂತಿಷ್ಟೇ ಬಿಗಿ ಬರುವಂತೆ ಟಾರ್ಕ್ ರೆಂಚಿನಲ್ಲಿ ಬಿಗಿದರು. ಅಲೈನ್‌ಮೆಂಟ್ ಅದಾದ ಮೇಲೆ.

ಟೈ ರಾಡುಗಳನ್ನು ಅತ್ತಿತ್ತ ತಳ್ಳುವ ಸ್ಟೀರಿಂಗ್ ರ್ಯಾಕನ್ನು ಹಿಡಿದಿರುವ ಬುಶ್‌ಗಳನ್ನೂ ಅದೇ ದಿನ ಬದಲಿಸಿದೆವು. ಅವು ಸವೆದರೆ ಸ್ಟೀರಿಂಗ್ ತಿರುಗಿಸಿದಾಗ ಮೊದಲು ಇಡೀ ರ್ಯಾಕೇ ಪಕ್ಕಕ್ಕೆ ಸರಿಯುತ್ತದೆ, ಚಕ್ರ ತಿರುಗುವುದು ಆಮೇಲೆ. ಒಬ್ಬರು ಸ್ಟೀರಿಂಗ್ ಅಲ್ಲಾಡಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ರ್ಯಾಕ್ ನೋಡಿದರೆ ಕಣ್ಣಿಗೇ ಕಾಣುತ್ತದೆ. ಟೈ ರಾಡ್ ಎಂಡ್ ಬೇರೆ ಜಾತಿ, ಅದು ಗುಂಡು ಕೀಲು, ಅಲ್ಲಿರುವ ರಬ್ಬರ್ ಧೂಳು ತಡೆಯಲು ಮಾತ್ರ.

ರಬ್ಬರ್ ಬದಲು ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಶ್ ಹಾಕಿಸು ಅಂತ ಗೆಳೆಯರು ಹೇಳಿದರು. ಶೋರ್ ಮಾಪನದಲ್ಲಿ ರಬ್ಬರ್ ಬುಶ್ಶಿನ ಗಡಸುತನ ಸಾಮಾನ್ಯವಾಗಿ 50ರಿಂದ 70, ಪಾಲಿಯದು 80ರಿಂದ 95. ಸಾಮಾನ್ಯವಾಗಿ ಅದು ಕೊಳವೆಗೆ ಅಂಟಿರುವುದಿಲ್ಲ, ನಿಜವಾಗಿ ಜಾರಿ ತಿರುಗುತ್ತದೆ, ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು, ಗ್ರೀಸ್ ತೊಳೆದುಹೋದರೆ ಕಿರುಗುಡುತ್ತದೆ. ರೇಸ್ ಟ್ರ್ಯಾಕಿಗೆ ಒಳ್ಳೆಯದು. ದಿನಾ ಬೆಂಗಳೂರಲ್ಲಿ ಓಡುವ ಕಾರಿಗೆ ನಾನು ರಬ್ಬರನ್ನೇ ಆರಿಸಿದೆ.

ಹೋದ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಿದ್ದೆ. ತಿರುವುಗಳಲ್ಲಿ ಸ್ಟೀರಿಂಗ್ ಒಮ್ಮೆ ಹಿಡಿದರೆ ಹಿಡಿದಲ್ಲೇ ಇತ್ತು, ಬ್ರೇಕ್ ಒತ್ತಿದರೆ ನೆಟ್ಟಗೆ ನಿಂತಿತು. ಹಿಂದಿನ ಚಕ್ರಗಳ ಆರ್ಮುಗಳನ್ನು ಹೊರುವ ಸಬ್‌ಫ್ರೇಮಿನ ಬುಶ್‌ಗಳು ಇನ್ನೂ ಹಳೆಯವೇ ಇವೆ. ಅವುಗಳ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದೆ, ಮಳೆಗಾಲಕ್ಕೆ ಮೊದಲು ಮತ್ತೆ ಆ ಪಿಟ್ ಮೇಲೆ ನಿಲ್ಲಿಸಬೇಕು.