ಪೂರ್ತಿ ಬಿಳಿ ಹಣದಲ್ಲೇ ಮನೆ ಕೊಳ್ಳುತ್ತೇನೆ ಎನ್ನುವವರಿಗೆ

ಒಂದು ರೂಪಾಯಿಯೂ ಕಪ್ಪು ಹಣವಿಲ್ಲದೆ ಮನೆ ಕೊಳ್ಳಬೇಕೆಂದು ಹಟ ಹಿಡಿದವರು ನನ್ನ ಕಚೇರಿಗೆ ಬರುವ ಹೊತ್ತಿಗೆ ಅರ್ಧ ಸೋತಿರುತ್ತಾರೆ. ದಲ್ಲಾಳಿ ನಕ್ಕಿರುತ್ತಾನೆ, ಮನೆಯ ಹಿರಿಯರು ಗದರಿರುತ್ತಾರೆ, ಜೊತೆ ಕೆಲಸ ಮಾಡುವವರು 'ಸತ್ಯ ಹರಿಶ್ಚಂದ್ರನ ತುಂಡು' ಎಂದು ಹೆಸರಿಟ್ಟಿರುತ್ತಾರೆ. ಆಡಿಟರ್ ಮುಂದೆ ಕುಳಿತು ಅವರು ತೆರಿಗೆಯ ಸಂದೇಹ ಕೇಳುವುದು ಆಮೇಲೆ. ಮೊದಲು ಕೇಳುವುದು, 'ಸರ್, ನಾನೇನು ಪೆದ್ದನೇ?'

ಲೆಕ್ಕ ಹಾಕಿ ನೋಡೋಣ ಎನ್ನುತ್ತೇನೆ. ಬರೀ ವಾದ ಮಾಡಿ ಇಂಥ ನಿಷ್ಠೆ ಉಳಿಸಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ನೋಂದಣಿಯ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸುತ್ತ ಕುಳಿತು ಒತ್ತಾಯಿಸುವಾಗ ತತ್ತ್ವ ಬಾಯಿಗೆ ಬರುವುದಿಲ್ಲ. ಅದರ ಬೆಲೆ ಎಷ್ಟೆಂದು ಮೊದಲೇ ಗೊತ್ತಿದ್ದವರು ಮಾತ್ರ ಆ ರಾತ್ರಿಯನ್ನು ದಾಟುತ್ತಾರೆ.

ಒಂದು ಕೋಟಿ ರೂಪಾಯಿಯ ಮನೆ ಎಂದಿಟ್ಟುಕೊಳ್ಳಿ. ಮಾರುವವರು ಕ್ರಯಪತ್ರದಲ್ಲಿ 65 ಲಕ್ಷ ತೋರಿಸಿ, ಉಳಿದ 35 ಲಕ್ಷ ನಗದಾಗಿ ಕೊಡಿ ಎನ್ನುತ್ತಾರೆ. ಆ ಬೀದಿಯ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ) ಪ್ರಕಾರ ಮನೆಯ ಬೆಲೆ 62 ಲಕ್ಷ ಎಂದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಪೂರ್ತಿ ಬೆಲೆ ಬರೆಸಿದರೆ ಕೊಳ್ಳುವವರಿಗೆ ಬೀಳುವ ಹೆಚ್ಚುವರಿ ಹೊರೆ ಎಷ್ಟು? ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿದರೆ ನಗರ ಪ್ರದೇಶದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6. 35 ಲಕ್ಷಕ್ಕೆ 2.66 ಲಕ್ಷ ರೂಪಾಯಿ. ಕೊಳ್ಳುವವರು ತಮ್ಮ ಪ್ರಾಮಾಣಿಕತೆಗೆ ಸರ್ಕಾರಕ್ಕೆ ಕಟ್ಟುವುದು ಇಷ್ಟೇ. ಸಣ್ಣ ಮೊತ್ತ ಎನ್ನುತ್ತಿಲ್ಲ. ಆದರೆ ಎಷ್ಟೋ ಮಂದಿ ಮನೆಯೊಳಗಿನ ಕಪಾಟುಗಳಿಗೆ ಇದಕ್ಕಿಂತ ಹೆಚ್ಚು ಸುರಿಯುತ್ತಾರೆ, ಅದನ್ನು ಯಾರೂ ಹುಚ್ಚು ಆದರ್ಶ ಎಂದು ಕರೆಯುವುದಿಲ್ಲ.

ಈಗ ಇನ್ನೊಂದು ಕಡೆಯ ಲೆಕ್ಕ. ದಲ್ಲಾಳಿ ಇದನ್ನು ಹೇಳುವುದಿಲ್ಲ, ಹೇಳುವುದರಿಂದ ಅವನಿಗೆ ಲಾಭವೂ ಇಲ್ಲ. ಹತ್ತು ವರ್ಷ ಬಿಟ್ಟು ನೀವು ಆ ಮನೆ ಮಾರುವಾಗ ತೆರಿಗೆ ಇಲಾಖೆಯ ಪಾಲಿಗೆ ನೀವು ಕೊಂಡ ಬೆಲೆ 65 ಲಕ್ಷ. ನಗದಾಗಿ ಕೊಟ್ಟ 35 ಲಕ್ಷ ನಿಮ್ಮ ಲಾಭವಾಗಿ ಕಾಣುತ್ತದೆ. 2024ರ ಜುಲೈ 23ರ ನಂತರ ಕೊಂಡ ಮನೆಗೆ ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕುವ ರಿಯಾಯಿತಿ ಇಲ್ಲ. ದೀರ್ಘಾವಧಿ ಬಂಡವಾಳ ಲಾಭಕ್ಕೆ ನೇರವಾಗಿ ಶೇ 12.5 ತೆರಿಗೆ. ಆ 35 ಲಕ್ಷಕ್ಕೆ ಸೆಸ್ ಸೇರಿ 4.55 ಲಕ್ಷ. ಅಂದರೆ ಇವತ್ತು ಮಾರಿದವರು ತಪ್ಪಿಸಿಕೊಂಡ ತೆರಿಗೆ ನಿಮ್ಮ ತಲೆಯ ಮೇಲೆ ಬಂದು ಕೂತಿತು. ಅದನ್ನು ಇಳಿಸಿಕೊಳ್ಳಬೇಕಾದರೆ ನೀವೂ ಮುಂದಿನವರ ಬಳಿ ನಗದು ಕೇಳಬೇಕು. 'ಲೋಕವೇ ಹೀಗೆ ನಡೆಯುವುದು' ಎಂಬ ಮಾತು ಹುಟ್ಟುವುದೇ ಇಲ್ಲಿ.

ಸಾಲದ ವಿಷಯ ಇನ್ನೂ ಕಠಿಣ. ಬ್ಯಾಂಕು ನೋಡುವುದು ಕಾಗದದ ಬೆಲೆಯನ್ನು. ಕೋಟಿ ರೂಪಾಯಿಯ ಕರಾರಿಗೆ, ನಿಮ್ಮ ಆದಾಯ ಒಪ್ಪಿದರೆ, 75 ಲಕ್ಷದವರೆಗೆ ಸಾಲ ಸಿಗಬಹುದು. 65 ಲಕ್ಷದ ಕರಾರಿಗೆ 52 ಲಕ್ಷ. ಕೈಯಿಂದ ಹಾಕಬೇಕಾದದ್ದು 25 ಲಕ್ಷದಿಂದ 48 ಲಕ್ಷಕ್ಕೆ ಏರಿತು.

ಒಬ್ಬ ಪ್ರೌಢಶಾಲಾ ಶಿಕ್ಷಕಿ, ಅವರ ಎಂಜಿನಿಯರ್ ಗಂಡ ಮತ್ತು ಆಕೆಯ ತಂದೆ ಈ ಹಂತದಲ್ಲಿ ನನ್ನ ಮುಂದೆ ಕುಳಿತಿದ್ದರು. ಹಟ ಶಿಕ್ಷಕಿಯದು. 'ಊರಿಗೆ ಬಂದವಳು ನೀರಿಗೆ ಬರದೆ ಇರುವುದಕ್ಕೆ ಆಗುತ್ತದೆಯೇ ಕಣಮ್ಮಾ' ಎಂದು ತಂದೆ ಮಗಳಿಗೆ ಬುದ್ಧಿ ಹೇಳಿದರು. ಆಕೆ ಬ್ಯಾಗಿನಿಂದ ಗೆರೆ ಹಾಕಿದ ಪುಸ್ತಕ ತೆಗೆದು ನನ್ನ ಅಂಕಿಗಳನ್ನು ಎರಡು ಕಾಲಂಗಳಲ್ಲಿ ಬರೆದುಕೊಂಡರು. ಬರೆದು ಮುಗಿಸಿ, 'ಅಪ್ಪ, ನಮ್ಮಿಬ್ಬರ ಸಂಬಳಕ್ಕೆ ತೆರಿಗೆ ಕಡಿದುಕೊಂಡೇ ಕೊಡುತ್ತಾರೆ. ಆ ಹಣವನ್ನು ಎಫ್‌ಡಿ ಮುರಿದು, ಬ್ಯಾಂಕಿನಿಂದ ಹೊತ್ತು ತಂದು ಕಪ್ಪು ಮಾಡಬೇಕೇ?' ಎಂದರು. ತಂದೆ ಉತ್ತರ ಕೊಡಲಿಲ್ಲ. ಒಪ್ಪಿದರು ಎಂದಲ್ಲ, ಮಾರನೆಯ ವಾರ ಅಳಿಯನಿಗೆ ಮಾತ್ರ ಫೋನ್ ಮಾಡಿ ಮತ್ತೆ ಅದೇ ರಾಗ ಎಳೆದರಂತೆ.

ಕಾನೂನಿನ ಮಾತು ಚುಟುಕಾಗಿ. 2015ರ ಜೂನ್‌ನಿಂದ ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ, ಮುಂಗಡವನ್ನೂ. ಪಡೆದಷ್ಟೇ ದಂಡ ಹಾಕಲು ಅವಕಾಶ ಕೊಟ್ಟೇ ಆ ನಿಯಮ ತಂದರು. ದಂಡ ಪಡೆದವರಿಗೆ ತಾನೇ ಎಂದು ಕೊಳ್ಳುವವರು ನಿರುಮ್ಮಳವಾಗಿರಬೇಕಿಲ್ಲ. ಬೆಂಗಳೂರಿನ ಒಂದು ಶಿಕ್ಷಣ ಸಂಸ್ಥೆಯ ಆಸ್ತಿಯ ವಿವಾದದಲ್ಲಿ, 75 ಲಕ್ಷ ರೂಪಾಯಿ ಮುಂಗಡವನ್ನು ನಗದಾಗಿ ಕೊಟ್ಟಿದ್ದೇವೆ ಎಂದು ಹೇಳಿಕೊಂಡವರು ನ್ಯಾಯಾಲಯದ ಮೆಟ್ಟಿಲೇರಿದ್ದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ದಾವೆಯನ್ನು ತಳ್ಳಿಹಾಕಿತು. ಜೊತೆಗೆ, ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಾವತಿಯ ಮಾತು ದಾವೆಯಲ್ಲಿ ಬಂದರೆ ನ್ಯಾಯಾಲಯವೂ, ನೋಂದಣಿಗೆ ಬಂದ ಪತ್ರದಲ್ಲಿ ಕಂಡರೆ ಉಪನೋಂದಣಾಧಿಕಾರಿಯೂ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ನಿರ್ದೇಶಿಸಿತು. ಮಾರುವವರು ಮಾತಿಗೆ ತಪ್ಪಿದರೆ ನಗದು ಕೊಟ್ಟವರು ಯಾರ ಬಳಿ ಹೋಗಿ ದೂರುತ್ತಾರೆ?

ಇಷ್ಟೆಲ್ಲ ಇದ್ದೂ ಈ ದಾರಿ ಸಲೀಸು ಎಂದರೆ ಸುಳ್ಳಾಗುತ್ತದೆ. ಮನಸ್ಸಿಗೆ ಹಿಡಿಸಿದ ಮನೆ ಕೈತಪ್ಪುತ್ತದೆ. ಹಳೆಯ ಬಡಾವಣೆಗಳ ಕೆಲವು ಬೀದಿಗಳಲ್ಲಿ ಪೂರ್ತಿ ಚೆಕ್‌ಗೆ ಒಪ್ಪುವವರೇ ಸಿಗುವುದಿಲ್ಲ. ಒಪ್ಪಿದವರಲ್ಲಿ ಕೆಲವರು 'ನನ್ನ ತೆರಿಗೆಯನ್ನೂ ನೀವೇ ಕೊಡಿ' ಎಂದು ಬೆಲೆ ಏರಿಸುತ್ತಾರೆ. ಆಗ ಆ 35 ಲಕ್ಷಕ್ಕೆ ಅವರು ಕಟ್ಟಬೇಕಾದ ತೆರಿಗೆ, ಮೇಲಿನ ದರದಲ್ಲೇ ಆದರೆ 4.55 ಲಕ್ಷ, ಅದೂ ನಿಮ್ಮ ಲೆಕ್ಕಕ್ಕೇ ಬಂತು. ಅಷ್ಟು ಸಾಧ್ಯವಿಲ್ಲದಿದ್ದರೆ ಮನೆ ಒಂದು ಕೋಣೆ ಚಿಕ್ಕದಾಗಲಿ, ಊರಾಚೆ ಇರಲಿ ಎನ್ನುವುದು ನನ್ನ ಸಲಹೆ. 'ಸ್ವಲ್ಪ ಪ್ರಾಕ್ಟಿಕಲ್ ಆಗಿರಿ' ಎನ್ನುವ ಆಡಿಟರುಗಳೂ ನಮ್ಮಲ್ಲಿದ್ದಾರೆ. ನೋಟೀಸು ಬಂದ ದಿನ ಅವರು ಪ್ರಾಕ್ಟಿಕಲ್ ಆಗಿಯೇ ಫೋನ್ ಎತ್ತುವುದಿಲ್ಲ.

ಹಾಗಾದರೆ ಮಾರುವವರು ಸಿಗುವುದೆಲ್ಲಿ? ಹಟ ಹಿಡಿದವರು ಎಲ್ಲರ ಬಾಗಿಲನ್ನೂ ತಟ್ಟಿ ದಣಿಯುತ್ತಾರೆ. ಅದರ ಬದಲು ಯಾರಿಗೆ ಬಿಳಿ ಹಣವೇ ಬೇಕು ಎಂದು ಯೋಚಿಸಬೇಕು. ಈ ಮನೆ ಮಾರಿ ಇನ್ನೊಂದು ಮನೆ ಕೊಳ್ಳುವವರು ಎರಡು ವರ್ಷದೊಳಗೆ ಲಾಭವನ್ನು ಅದರಲ್ಲಿ ತೊಡಗಿಸಿದರೆ ತೆರಿಗೆಯೇ ಬೀಳದಿರಬಹುದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲದೆ, ಹೆದರಿ ನಗದು ಕೇಳುತ್ತಾರೆ. ಅವರನ್ನು ಒಬ್ಬ ಆಡಿಟರ್ ಬಳಿ ಕರೆದೊಯ್ದರೆ ಅರ್ಧ ಕೆಲಸ ಆದಂತೆ. ವಿದೇಶದಲ್ಲಿರುವವರು ಹಣವನ್ನು ಅಲ್ಲಿಗೆ ಒಯ್ಯಬೇಕಾದರೆ ಬ್ಯಾಂಕಿನ ಮೂಲಕವೇ ಬೇಕು (ಅವರಿಂದ ಕೊಳ್ಳುವಾಗ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ ಕಡಿದುಕೊಳ್ಳುವ ನಿಯಮ ಬೇರೆ, ಕೇಳಿಕೊಂಡೇ ಹೆಜ್ಜೆಯಿಡಿ).

ನನಗೆ ಎಲ್ಲಕ್ಕಿಂತ ಇಷ್ಟವಾದ ಗುಂಪು ಪಾಲುದಾರ ಅಣ್ಣತಮ್ಮಂದಿರು, ಅಕ್ಕತಂಗಿಯರದು. ತಂದೆಯ ಮನೆ ಮಾರಿ ನಾಲ್ವರು ಹಂಚಿಕೊಳ್ಳುವಾಗ ನಗದಿನ ಗಂಟು ಯಾರ ಮನೆಯಲ್ಲಿರಬೇಕು ಎಂದೇ ಜಗಳ ಶುರುವಾಗುತ್ತದೆ. ಅಲ್ಲಿ ಪ್ರಾಮಾಣಿಕತೆಯನ್ನು ಕಾಯುವುದು ಪರಸ್ಪರ ಅನುಮಾನ. ಶಿಕ್ಷಕಿಗೆ ಕೊನೆಗೆ ಸಿಕ್ಕಿದ್ದು ಅಂಥದ್ದೇ ಮನೆ: ಹಳೆಯದು, ಅಡುಗೆಮನೆ ಇಕ್ಕಟ್ಟು. 'ನಾಲ್ಕು ಡಿಡಿ ಬೇರೆ ಬೇರೆ ಮಾಡಿಸಿ, ನನ್ನದನ್ನು ನನ್ನ ಕೈಗೇ ಕೊಡಿ' ಎಂದು ಮಾರುವವರ ಹಿರಿಯಕ್ಕ ಮೊದಲ ದಿನವೇ ಷರತ್ತು ಹಾಕಿದ್ದರು.

ನಿಮ್ಮ ಷರತ್ತನ್ನೂ ಹಾಗೆಯೇ ಮೊದಲ ಫೋನ್ ಕರೆಯಲ್ಲೇ, ಟೋಕನ್ ಹಣ ಕೊಡುವ ಮೊದಲೇ ಹೇಳಿಬಿಡಿ. ಕೊಟ್ಟ ಮೇಲೆ ಹೇಳಿದರೆ ದಲ್ಲಾಳಿ ಅದನ್ನು ಚೌಕಾಸಿ ಎಂದುಕೊಳ್ಳುತ್ತಾನೆ.